ಸೂರತ್, ಇಕ್ಕೇರಿ ಸುತ್ತಿ ರೋಮಿಗೆ

1623ರ ಫೆಬ್ರವರಿಯಲ್ಲಿ ಇಂಗ್ಲಿಷರ 'ವೇಲ್' ಹಡಗು ಪರ್ಷಿಯಾದಿಂದ ಸೂರತ್ತಿಗೆ ಬಂತು. ಅದರಲ್ಲಿ ರೋಮಿನ ದೊಡ್ಡ ಮನೆತನದ ಪಿಯೆತ್ರೊ ದೆಲ್ಲಾ ವಾಲ್ಲೆ ಇದ್ದ. ಅವನು ಸಾಕಿಕೊಂಡಿದ್ದ ಜಾರ್ಜಿಯಾದ ಅನಾಥ ಹುಡುಗಿ ಮರಿಯುಚ್ಚಾ ಇದ್ದಳು. ಸಂಸಾರದ ಮೂರನೆಯವಳು ಪೆಟ್ಟಿಗೆಯೊಳಗಿದ್ದಳು.

ಆಕೆ ಅವನ ಹೆಂಡತಿ ಮಾಆನಿ, ಬಾಗ್ದಾದಿನ ಕ್ರೈಸ್ತ ಮನೆತನದ ಮಗಳು. 1614ರಲ್ಲಿ ವೆನಿಸ್ಸಿನಿಂದ ತಿರುಗಾಟಕ್ಕೆ ಹೊರಟ ಪಿಯೆತ್ರೊ 1616ರಲ್ಲಿ ಅವಳನ್ನು ಮದುವೆಯಾದ. ಷಾ ಅಬ್ಬಾಸನ ಪರ್ಷಿಯಾವನ್ನು ಇಬ್ಬರೂ ಜತೆಯಲ್ಲೇ ನೋಡಿದರು. 1621ರ ಡಿಸೆಂಬರ್ ಕೊನೆಗೆ, ಹಾರ್ಮುಜ್ ಬಳಿಯ ಮಿನಾಬಿನಲ್ಲಿ ಆಕೆ ತೀರಿಕೊಂಡಳು. ಪರದೇಶದ ಮಣ್ಣಿಗೆ ಅವಳನ್ನು ಒಪ್ಪಿಸಲು ಗಂಡನಿಗೆ ಮನಸ್ಸಾಗಲಿಲ್ಲ. ದೇಹಕ್ಕೆ ಕರ್ಪೂರ ತುಂಬಿಸಿ ಪೆಟ್ಟಿಗೆಯಲ್ಲಿ ಇರಿಸಿದ. ಹೆಣವಿರುವ ಹಡಗಿಗೆ ಕೇಡು ಎಂದು ನಂಬುವ ನಾವಿಕರಿಗೆ ಗೊತ್ತಾಗದಂತೆ ಸಾಗಿಸಿದ. ಹೀಗೆ ಹೊರಟವನು ನೇರ ಮನೆಯ ದಾರಿ ಹಿಡಿಯಬೇಕಿತ್ತು. ರೋಮ್ ಇದ್ದದ್ದು ಪಶ್ಚಿಮಕ್ಕೆ, ಅವನು ಹಡಗು ಹತ್ತಿದ್ದು ಪೂರ್ವಕ್ಕೆ.

ಸೂರತ್ತಿನಲ್ಲಿ ಅವನನ್ನು ಇಳಿಸಿಕೊಳ್ಳಲು ಇಂಗ್ಲಿಷ್ ಮತ್ತು ಡಚ್ ಕೋಠಿಗಳವರು ಪೈಪೋಟಿಗೇ ನಿಂತರು. ಊರಿನ ಸವಾರಿ ಗಾಡಿಗಳು ಅವನಿಗೆ ತುಂಬ ಹಿಡಿಸಿದವು. ಡುಬ್ಬದ ಬಿಳಿ ಎತ್ತುಗಳು, ಮೈಮೇಲೆ ಕುಚ್ಚು, ಕೊರಳ ತುಂಬ ಗೆಜ್ಜೆ. ಬೀದಿಯಲ್ಲಿ ಕುದುರೆಗಳ ಹಾಗೆ ಓಡುತ್ತಿದ್ದವು, ಬರುವ ಮೊದಲೇ ಸದ್ದು ಕೇಳುತ್ತಿತ್ತು.

ಅಲ್ಲಿಂದ ಖಂಭಾತಿಗೆ ಹೋದ. ಅಲ್ಲಿ ಕಂಡದ್ದನ್ನು ಅವನಷ್ಟು ಬಿಡಿಸಿ ಬರೆದವರು ವಿರಳ. ಕಾಯಿಲೆಯ ಹಕ್ಕಿಗಳಿಗೆಂದೇ ಒಂದು ಮನೆ: ಕುಂಟ ಕೋಳಿ, ಪಾರಿವಾಳ, ನವಿಲು, ಬಾತು. ಗುಣವಾದ ಕಾಡುಹಕ್ಕಿಗಳನ್ನು ಹಾರಲು ಬಿಡುತ್ತಿದ್ದರು, ಸಾಕುಹಕ್ಕಿಗಳನ್ನು ಪುಣ್ಯವಂತರ ಮನೆಗೆ ಕೊಡುತ್ತಿದ್ದರು. ಒಂದು ಮೂಲೆಯಲ್ಲಿ ಬಿಳಿ ಗಡ್ಡದ ಮುದುಕ, ಮೂಗಿನ ಮೇಲೆ ಕನ್ನಡಕ. ಅವನ ಮುಂದಿನ ಡಬ್ಬಿಯಲ್ಲಿ ಹತ್ತಿಯ ನಡುವೆ ತಾಯಿಯಿಲ್ಲದ ಇಲಿಮರಿಗಳು. ಹಕ್ಕಿಯ ಗರಿಯನ್ನು ಹಾಲಿನಲ್ಲಿ ಅದ್ದಿ ಒಂದೊಂದರ ಬಾಯಿಗೂ ಇಡುತ್ತಿದ್ದ. ಇನ್ನೊಂದು ಕಡೆ, ಆಡುಕುರಿಗಳ ನಡುವೆ, ಕಳ್ಳತನಕ್ಕೆ ಎರಡೂ ಕೈ ಕಳೆದುಕೊಂಡ ಒಬ್ಬ ಮನುಷ್ಯನನ್ನೂ ಇಟ್ಟುಕೊಂಡು ಸಾಕುತ್ತಿದ್ದರು. ಮೈಸೂರಿನ ಪಿಂಜರಾಪೋಲ್ ನೋಡಿದವರಿಗೆ ಈ ಏರ್ಪಾಟಿನ ವಂಶ ಗೊತ್ತಾಗುತ್ತದೆ.

ಅಹಮದಾಬಾದಿನ ಬಗ್ಗೆ ಹೊಗಳಿಕೆ, ದೂರು ಎರಡೂ ಇವೆ. ಬೀದಿಗಳು ಅಗಲ, ನೇರ; ಆದರೆ ಕಲ್ಲು ಹಾಸಿಲ್ಲ, ಧೂಳಿನಲ್ಲಿ ನಡೆಯುವಂತಿಲ್ಲ. ಪಿಯೆತ್ರೊ ನೋಡಿದ ಪಟ್ಟಣವಿದ್ದದ್ದು ಸಾಬರಮತಿಯ ಪೂರ್ವದಂಡೆಯ ಕೋಟೆಯೊಳಗೆ. ಅದೇ ವರ್ಷ ಮುಂದೆ ಷಹಜಹಾನನಾಗಲಿದ್ದ ಖುರ್ರಮ್ ತಂದೆ ಜಹಾಂಗೀರನ ಮೇಲೆ ದಂಗೆ ಎದ್ದಿದ್ದ. ದೇಶ ಸುತ್ತುವವರಿಗೆ ಅದು ಒಳ್ಳೆಯ ಕಾಲವಲ್ಲ. ಅವನು ಗೋವೆಗೆ ಇಳಿದ.

ಮರಿಯುಚ್ಚಾಳನ್ನು ಗೋವೆಯಲ್ಲಿ ಬಿಟ್ಟು, ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜತೆ ಸೇರಿಕೊಂಡ. ಅವನಿಗೆ ಅಲ್ಲಿ ಏನೂ ಕೆಲಸವಿರಲಿಲ್ಲ, ಮೆಣಸಿನ ವ್ಯಾಪಾರವೂ ಇಲ್ಲ, ಮತಪ್ರಚಾರವೂ ಇಲ್ಲ. ನಮ್ಮ ಪುಣ್ಯವೆಂದೇ ಹೇಳಬೇಕು. ಲೆಕ್ಕ ಒಪ್ಪಿಸುವ ತುರ್ತು ಇದ್ದವನು ಹೊನ್ನಾವರ, ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತುವಾಗ ಗುಡಿಯ ಜಗಲಿಯಲ್ಲಿ ಕುಳಿತ ಹುಡುಗರನ್ನು ಗಮನಿಸುತ್ತಿರಲಿಲ್ಲ. ಅವರು ನೆಲಕ್ಕೆ ಮರಳು ಹರಡಿ, ಬೆರಳಿನಲ್ಲಿ ಅಂಕಿ ಬರೆದು, ರಾಗವಾಗಿ ಲೆಕ್ಕ ಹೇಳುತ್ತಿದ್ದರು. ಜಾಗ ತುಂಬಿದರೆ ಅಳಿಸಿ ಮತ್ತೆ ಮರಳು. ಇಕ್ಕೇರಿಯಲ್ಲಿ ಬಣ್ಣದ ಕೋಲು ಹಿಡಿದ ಹುಡುಗಿಯರ ಕುಣಿತ ನೋಡಿದ. ಒಬ್ಬಳು ಹಾಡಿದರೆ ಉಳಿದವರೆಲ್ಲ "ಕೋಲೆ ಕೋಲೆ" ಎಂದು ದನಿಗೂಡಿಸುತ್ತಿದ್ದುದನ್ನೂ ಬರೆದುಕೊಂಡ.

ಮಂಗಳೂರಿನ ಕಡೆಗೆ ಇಳಿದಾಗ ಉಳ್ಳಾಲದ ರಾಣಿ ಸಿಕ್ಕಿದ್ದು ಅರಮನೆಯಲ್ಲಲ್ಲ, ದಾರಿಯಲ್ಲಿ. ತೋಡಿನ ಕೆಲಸ ನೋಡಲು ಬರಿಗಾಲಿನಲ್ಲಿ ನಡೆದುಬಂದಿದ್ದಳು. ನೋಡಲು ಅಡುಗೆಮನೆಯ ಹೆಂಗಸಿನ ಹಾಗಿದ್ದಳೆಂದು ಬರೆದವನು, ಮಾತು ಕೇಳಿದ ಮೇಲೆ ಆಕೆಯ ವಿವೇಕವನ್ನು ಒಪ್ಪಿಕೊಂಡ. ಮೊದಲ ಮಾತಿನಲ್ಲಿ ರೋಮಿನ ಮನೆತನದ ಜಂಬವಿದೆ. ಎರಡನೆಯದಕ್ಕೆ ಅವನನ್ನು ಕ್ಷಮಿಸಬಹುದು.

1624ರ ನವೆಂಬರಿನಲ್ಲಿ ಗೋವೆ ಬಿಟ್ಟು, ಮಸ್ಕತ್ ಮೇಲೆ ಬಸ್ರಾ ಸೇರಿದ. 1625ರ ಬೇಸಿಗೆಯನ್ನು ಅಲೆಪ್ಪೊಗೆ ಹೋಗುವ ಮರಳುಗಾಡಿನಲ್ಲಿ ಕಳೆದ. ಅಲ್ಲೂ ಅವಸರವಿಲ್ಲ: ಇಂದು ಊರ್ ಎಂದು ಗೊತ್ತಾಗಿರುವ ದಿಬ್ಬದ ಬಳಿ ನಿಂತು, ಓದಲಾಗದ ಅಕ್ಷರವಿದ್ದ ಇಟ್ಟಿಗೆಗಳನ್ನು ಎತ್ತಿಟ್ಟುಕೊಂಡ. ಆಮೇಲೆ ಸೈಪ್ರಸ್, ಮಾಲ್ಟಾ, ಸಿಸಿಲಿ. ನೇಪಲ್ಸಿನಲ್ಲಿ ವೈದ್ಯ ಮಿತ್ರ ಮಾರಿಯೊ ಸ್ಕಿಪಾನೊ ಇದ್ದ. ಸೂರತ್, ಇಕ್ಕೇರಿಗಳ ವಿವರವೆಲ್ಲ ಹೋಗಿದ್ದದ್ದು ಅವನಿಗೆ ಬರೆದ ಕಾಗದಗಳಲ್ಲಿ. 1626ರ ಮಾರ್ಚಿನಲ್ಲಿ ರೋಮ್ ಮುಟ್ಟಿದ.

ಮಾಆನಿಯನ್ನು ಅರಾಚೇಲಿ ಇಗರ್ಜಿಯಲ್ಲಿ, ದೆಲ್ಲಾ ವಾಲ್ಲೆ ಮನೆತನದ ಸಮಾಧಿಯಲ್ಲಿ ಇರಿಸಲಾಯಿತು. ಪಿಯೆತ್ರೊ ಮುಂದೆ ಮರಿಯುಚ್ಚಾಳನ್ನೇ ಮದುವೆಯಾದ. ಅವರಿಗೆ 14 ಮಕ್ಕಳು. ಕಾಗದಗಳಲ್ಲಿ ತುರ್ಕಿಯ ಭಾಗ 1650ರಲ್ಲಿ ಅಚ್ಚಾಯಿತು. 1652ರಲ್ಲಿ ಅವನು ತೀರಿಕೊಂಡ. ಭಾರತದ ಭಾಗ ಹೊರಬಂದದ್ದು 1663ರಲ್ಲಿ.