ಉಪಗ್ರಹ ನಕ್ಷೆಯ ನಿಧಿಶೋಧ

ಉಪಗ್ರಹ ನಕ್ಷೆಯ ನಿಧಿಶೋಧವು ಕೊಟ್ಟ ಸುಳಿವಿನಿಂದ ಭೂಮಿಯ ಮೇಲಿನ ಒಂದು ಜಾಗವನ್ನು ಅಂತರ್ಜಾಲದ ಉಪಗ್ರಹ ಚಿತ್ರಗಳಲ್ಲಿ ಹುಡುಕಿ ಗುರುತಿಸುವ ಆಟ. 2005ರಲ್ಲಿ ಗೂಗಲ್ ಅರ್ಥ್ ಬಂದ ಬಳಿಕ ಈ ಆಟ ಹರಡಿತು. ಇಂಥದೇ ಚಿತ್ರಗಳನ್ನು ಕೊಡುವ ಇಸ್ರೋದ ಭುವನ್ ತಾಣ 2009ರಲ್ಲಿ ಆರಂಭವಾಯಿತು. 2013ರ ಜಿಯೋಗೆಸರ್ ಈ ನಿಧಿಶೋಧಕ್ಕೆ ಸಮೀಪದ ಆಟವಾದರೂ ಅದರ ಆಧಾರ ಬೀದಿಮಟ್ಟದ ಚಿತ್ರ.

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳು ಈ ಆಟಕ್ಕೆ ಕಠಿಣ ನೆಲ. ಇಲ್ಲಿ ಮನೆಗಳು ಒತ್ತಾಗಿ ಸೇರಿದ ಊರುಗಳು ಕಡಿಮೆ. ಹೆಚ್ಚಿನ ಮನೆಗಳು ತಮ್ಮ ತೋಟದೊಳಗಿದ್ದು ಮರಗಳ ಮರೆಯಲ್ಲಿರುತ್ತವೆ. ಮಳೆಗಾಲದಲ್ಲಿ ಮೋಡ ಮುಚ್ಚುವುದರಿಂದ ಸ್ಪಷ್ಟ ಚಿತ್ರಗಳು ಬಹುಪಾಲು ಬೇಸಿಗೆಯವು, ಆಗ ಅಡಿಕೆ ಒಣಗಿಸುವ ಅಂಗಳ ಹಸಿರಿನ ನಡುವೆ ಕಿತ್ತಳೆ ಚೌಕವಾಗಿ ಕಾಣುತ್ತದೆ: ಈ ಸೀಮೆಯ ಒಂದು ಗುರುತು ಇದು. ಅಡಿಕೆ ತೋಟ ಕಣಿವೆಯ ತಳದಲ್ಲಿ ನಕ್ಷತ್ರಾಕಾರದ ತಲೆಗಳ ಸಾಲಾಗಿ ತೋರಿದರೆ, ಗುಡ್ಡದ ರಬ್ಬರ್ ಚಳಿಗಾಲದ ಕೊನೆಗೆ ಎಲೆ ಉದುರಿಸಿ ಕಂದಾಗುತ್ತದೆ. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳರ ಪುನರ್ವಸತಿಯೊಂದಿಗೆ ಬೆಳೆದವು.

ಸ್ಥಿರ ಗುರುತುಗಳು: ಉಪ್ಪಿನಂಗಡಿಯಲ್ಲಿ ಕುಮಾರಧಾರಾ–ನೇತ್ರಾವತಿ ಸಂಗಮ, ಪುತ್ತೂರು ಮಹಾಲಿಂಗೇಶ್ವರ ದೇವಸ್ಥಾನದ ಕೆರೆ ಮತ್ತು ಎದುರಿನ ಗದ್ದೆ, ಸುಳ್ಯದ ಪಯಸ್ವಿನಿ, ಕುಕ್ಕೆ ಸುಬ್ರಹ್ಮಣ್ಯ. ಸಕಲೇಶಪುರದ ಕಡೆಗೆ ಹತ್ತುವ ರೈಲುಹಳಿ ಸುರಂಗಗಳಲ್ಲಿ ಮತ್ತೆ ಮತ್ತೆ ಮರೆಯಾಗುತ್ತದೆ. ಕಾಡಂಚಿನ ನಾಗಬನ, ಸಣ್ಣ ಮದಕಗಳು (ಕೆರೆಗಳು) ಮೇಲಿನಿಂದ ಕಾಣುವುದು ಅಪರೂಪ. ಅವುಗಳಿಗೆ ಸ್ಥಳೀಯರ ತಿಳಿವಳಿಕೆಯೇ ಬೇಕು.