ಬೇಸಿಗೆ ರಜೆ ಯಾರಿಗೆ ಸಿಕ್ಕಿತ್ತು?



ಹೋದ ಭಾನುವಾರ ಒಂದು ಫೋಟೊ ಹಾಕಿದ್ದೆ. ಈಜುಕೊಳದ ಅಂಚಿನಲ್ಲಿ ನಾನು ಕಾಲು ಇಳಿಬಿಟ್ಟು ಕೂತಿದ್ದೇನೆ, ಪಕ್ಕದಲ್ಲಿ ಮಗಳು. ನಲವತ್ತಾರನೇ ವಯಸ್ಸಿಗೆ ಈಜು ಕಲಿಯೋಕೆ ಸೇರಿದ್ದೀನಿ ಅಂತ ಬರೆದಿದ್ದೆ. ನಮ್ಮ ಸಂಘಟನೆಯ ಹುಡುಗನೊಬ್ಬ ಕೆಳಗೆ ಕೇಳಿದ: "ಏನಣ್ಣಾ, ಹೋರಾಟಕ್ಕೂ ಬೇಸಿಗೆ ರಜಾನಾ?" ಒಳ್ಳೆ ಹುಡುಗ, ತಮಾಷೆಗೇ ಕೇಳಿದ್ದು. ಆದರೆ ಹಿರಿಯರೊಬ್ಬರು ತಮಾಷೆ ಇಲ್ಲದೆ ಬರೆದರು. ಕೇರಿಗಳಲ್ಲಿ ಜನ ಕುಡಿಯುವ ನೀರಿಗೆ ಒದ್ದಾಡುತ್ತಿರುವಾಗ ನಮ್ಮವರಿಗೆ ಈ ಶೋಕಿ ಬೇಕಿತ್ತಾ ಅಂತ.

ಎರಡು ದಿನ ಈ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಆ ಹಿರಿಯರ ಮೇಲೆ ನನಗೆ ಗೌರವ ಇದೆ. ಅವರಿಗೆ ಒಂದು ಸಾಲಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಸ್ವಲ್ಪ ಚರಿತ್ರೆ ತೆಗೆದು ಬರೆಯುತ್ತಿದ್ದೇನೆ. ಉದ್ದ ಇದೆ, ಬಿಡುವಾದಾಗ ಓದಿ.

ಮೊದಲು 1901ರ ಬೇಸಿಗೆ.

ಸತಾರದಲ್ಲಿ ಒಂಬತ್ತು ಹತ್ತು ವರ್ಷದ ಒಬ್ಬ ಹುಡುಗ. ತಾಯಿ ತೀರಿಕೊಂಡಿದ್ದಾರೆ, ಮಕ್ಕಳನ್ನು ನೋಡಿಕೊಳ್ಳುತ್ತಿರುವುದು ಸೋದರತ್ತೆ. ತಂದೆ ರಾಮಜಿಯವರು ಖಟಾವ್ ತಾಲ್ಲೂಕಿನ ಗೋರೆಗಾಂವ್‌ನಲ್ಲಿ ಕ್ಯಾಷಿಯರ್. ಬರಗಾಲದಲ್ಲಿ ಜನ ಸಾಯುತ್ತಿದ್ದಾಗ ಕೂಲಿ ಕೊಡಲು ಸರ್ಕಾರ ಅಲ್ಲಿ ಕೆರೆ ತೋಡಿಸುತ್ತಿತ್ತು. ಬೇಸಿಗೆ ರಜೆಗೆ ಬನ್ನಿ ಅಂತ ತಂದೆಯಿಂದ ಮಕ್ಕಳಿಗೆ ಕಾಗದ ಬಂತು. ಅದುವರೆಗೆ ಆ ಮಕ್ಕಳು ರೈಲೇ ನೋಡಿರಲಿಲ್ಲ. ಪ್ರಯಾಣಕ್ಕೆ ಅಂತಲೇ ಹೊಸ ಅಂಗಿ, ಮಿನುಗುವ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಪಂಚೆ ತಯಾರಾದವು. ಅತ್ತೆ ಬುತ್ತಿ ಕಟ್ಟಿಕೊಟ್ಟರು.

ಮುಂದಿನದು ನಿಮಗೆಲ್ಲ ಗೊತ್ತು. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಕರೆದುಕೊಂಡು ಹೋಗಲು ಯಾರೂ ಬಂದಿಲ್ಲ. ಒಳ್ಳೆ ಬಟ್ಟೆ ಹಾಕಿದ ಮಕ್ಕಳನ್ನು ಸ್ಟೇಷನ್ ಮಾಸ್ಟರ್ ಅಕ್ಕರೆಯಿಂದ ವಿಚಾರಿಸಿದರು. ನಾವು ಮಹಾರರು ಅಂದ ಕೂಡಲೇ ಅವರ ಮುಖ ಬದಲಾಯಿತು. ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿಯಲ್ಲಿ ಊಟ ಬೇಕಾದಷ್ಟಿತ್ತು, ಕುಡಿಯಲು ನೀರು ಇರಲಿಲ್ಲ. ದಾರಿಯಲ್ಲಿ ಸಿಕ್ಕ ನೀರು ದನದ ಸಗಣಿ, ಗಂಜಲ ಬೆರೆತ ರಾಡಿ. ಸುಂಕದ ಕಟ್ಟೆಯವನು ನೀರು ಕೊಡಲಿಲ್ಲ. ಹಸಿದ ಹೊಟ್ಟೆಯಲ್ಲೇ ಮಲಗಿದರು. ಅವರ ತಂದೆ ಲೆಕ್ಕ ಬರೆಯುತ್ತಿದ್ದದ್ದು ಕೆರೆ ಕಾಮಗಾರಿಗೆ, ನೆನಪಿರಲಿ.

ಬಾಬಾಸಾಹೇಬರು ಇದನ್ನು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ಪ್ರತಿ ಜಯಂತಿಯಲ್ಲೂ ನಾವು ಇದನ್ನು ಹೇಳ್ತೀವಿ, ನಾನೂ ಎಷ್ಟೋ ವೇದಿಕೆಯಲ್ಲಿ ಹೇಳಿದ್ದೀನಿ. ಆದರೆ ಯಾವಾಗಲೂ ಸ್ಟೇಷನ್ನಿನಿಂದಲೇ ಶುರು ಮಾಡ್ತಿದ್ದೆ. ಅದಕ್ಕೆ ಮುಂಚಿನ ಟೋಪಿ, ಬೂಟು, ರೈಲು ನೋಡುವ ಸಂಭ್ರಮವನ್ನು ಬಿಟ್ಟುಬಿಡ್ತಿದ್ದೆ. ಈ ಸಲ ಮತ್ತೆ ಓದಿದಾಗ ಕಣ್ಣಿಗೆ ಬಿದ್ದದ್ದು ಅದೇ. ಆ ಹುಡುಗ ಮನೆಯಿಂದ ಹೊರಟದ್ದು ಹೋರಾಟಕ್ಕಲ್ಲ, ರಜೆ ಕಳೆಯೋಕೆ. ಜಾತಿ ಅವನಿಂದ ನೀರನ್ನೂ ಕಿತ್ತುಕೊಂಡಿತು, ಬೇಸಿಗೆ ರಜೆಯನ್ನೂ ಕಿತ್ತುಕೊಂಡಿತು. ನಾವು ಮೊದಲನೆಯದನ್ನು ಮಾತ್ರ ಲೆಕ್ಕಕ್ಕೆ ಹಿಡಿದೆವು.

ಇದಾಗಿ ಹತ್ತು ವರ್ಷಕ್ಕೆ ಇನ್ನೊಂದು ಬೇಸಿಗೆ, ಇಂಗ್ಲೆಂಡಿನದು. 1911ರಲ್ಲಿ ಪಟಿಯಾಲದ ಮಹಾರಾಜನ ನಾಯಕತ್ವದಲ್ಲಿ ಭಾರತದ ಕ್ರಿಕೆಟ್ ತಂಡ ಅಲ್ಲಿಗೆ ಹೋಯಿತು. ತಂಡ ಸೋತು ಸುಣ್ಣವಾಯಿತು. ಆದರೆ ಒಬ್ಬ ಎಡಗೈ ಸ್ಪಿನ್ನರ್ ಆ ಒಂದೇ ಬೇಸಿಗೆಯಲ್ಲಿ 114 ವಿಕೆಟ್ ತೆಗೆದ. ಹೆಸರು ಪಾಲ್ವಂಕರ್ ಬಾಲೂ. ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಚಮ್ಮಾರ ಕುಟುಂಬ, ತಂದೆ ಸೇನೆಯಲ್ಲಿದ್ದವರು.

ಬಾಲೂ ಮೈದಾನಕ್ಕೆ ಕಾಲಿಟ್ಟದ್ದು ಆಟಗಾರನಾಗಿ ಅಲ್ಲ. ಪುಣೆಯಲ್ಲಿ ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ, ರೋಲರ್ ಎಳೆಯುವ ಕೆಲಸ, ತಿಂಗಳಿಗೆ 3 ರೂಪಾಯಿ. ಆಮೇಲೆ ಇಂಗ್ಲಿಷರ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿ ಬಿಳಿಯರ ಅಭ್ಯಾಸಕ್ಕೆ ಗಂಟೆಗಟ್ಟಲೆ ಬೌಲ್ ಮಾಡಬೇಕಿತ್ತು. ಬ್ಯಾಟು ಮಾತ್ರ ಅವನ ಕೈಗೆ ಕೊಡುತ್ತಿರಲಿಲ್ಲ. ಬಿಸಿಲಲ್ಲಿ ಓಡಿ ಬೆವರು ಸುರಿಸುವ ಕೆಲಸ ಇವನದು, ಆಟದ ಸುಖ ಅವರದು. ಕೊನೆಗೆ ಹಿಂದೂ ತಂಡಕ್ಕೆ ಇವನಿಲ್ಲದೆ ಗೆಲ್ಲೋಕೆ ಆಗಲ್ಲ ಅಂತ ಗೊತ್ತಾಗಿ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಅದೇ ಚೆಂಡು ಮುಟ್ಟುತ್ತಿದ್ದರು. ಟೀ ಹೊತ್ತಿಗೆ ಇವನಿಗೆ ಮಾತ್ರ ಪೆವಿಲಿಯನ್ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಲೋಟದಲ್ಲಿ ಟೀ. ನಮ್ಮ ಹಳ್ಳಿಯ ಟೀ ಅಂಗಡಿಯಲ್ಲಿ ನಡೆದದ್ದೇ ಅಲ್ಲೂ ನಡೆಯಿತು.

ಬಾಲೂಗೆ ಹಿಂದೂ ತಂಡದ ನಾಯಕತ್ವ ಕೊಡಲೇ ಇಲ್ಲ. ಅವನ ತಮ್ಮ ವಿಠ್ಠಲ್ 1923ರಲ್ಲಿ ನಾಯಕನಾದ, ತಂಡ ಗೆದ್ದಿತು. ನಮ್ಮ ವಲಯದಲ್ಲಿ ಬಾಲೂ ಹೆಸರು ಜಾಸ್ತಿ ಕೇಳಿಬರದೆ ಇರೋದಕ್ಕೆ ಒಂದು ಕಾರಣ ಇದೆ, ಅದನ್ನೂ ಮುಚ್ಚಿಡಬಾರದು. 1937ರ ಚುನಾವಣೆಯಲ್ಲಿ ಅವನು ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ನಿಂತು ಸೋತ. ಆ ರಾಜಕೀಯವನ್ನು ನಾನು ಒಪ್ಪಲ್ಲ. ಆದರೆ ಆಟ ಆಡುವುದೂ ಒಂದು ಹಕ್ಕು ಅಂತ ತೋರಿಸಿದವರಲ್ಲಿ ಅವನು ಮೊದಲಿಗ. ಅದನ್ನು ಮರೆತರೆ ನಷ್ಟ ನಮಗೇ.

ಮೂರನೆಯದು ಮಹಾಡ್. 1927ರ ಮಾರ್ಚ್ 19 ಮತ್ತು 20, ಕೊಂಕಣದಲ್ಲಿ ಬಿಸಿಲು ಏರುವ ಕಾಲ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಅಂತ ಬೊಂಬಾಯಿ ಶಾಸನಸಭೆ 1923ರಲ್ಲೇ ಎಸ್.ಕೆ. ಬೋಲೆಯವರ ಠರಾವು ಒಪ್ಪಿತ್ತು. ಮಹಾಡ್ ಮುನಿಸಿಪಾಲಿಟಿ 1924ರಲ್ಲಿ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದೆ ಅಂತ ಬರೆದೂ ಆಗಿತ್ತು. ಕಾಗದದಲ್ಲಿ ಹಕ್ಕಿತ್ತು, ಕೆರೆಗೆ ಇಳಿಯಲು ಬಿಡುತ್ತಿರಲಿಲ್ಲ. ಸಮ್ಮೇಳನಕ್ಕೆ ಬಂದ ಸಾವಿರಾರು ಜನರಿಗೆ ಕುಡಿಯಲು ಸವರ್ಣೀಯರಿಂದ 40 ರೂಪಾಯಿ ಕೊಟ್ಟು ನೀರು ಕೊಂಡುಕೊಳ್ಳಬೇಕಾಯಿತು. ಎರಡನೇ ದಿನ ಎಲ್ಲರೂ ಮೆರವಣಿಗೆಯಲ್ಲಿ ಹೋದರು, ಬಾಬಾಸಾಹೇಬರು ಮೊದಲು ನೀರು ಕುಡಿದರು, ಜನ ಕುಡಿದರು.

ಅವತ್ತೇ ಹಲ್ಲೆ ಆಯಿತು. ದೇವಸ್ಥಾನಕ್ಕೂ ನುಗ್ಗುತ್ತಾರೆ ಅಂತ ಸುಳ್ಳು ಹಬ್ಬಿಸಿ, ಊರಿಗೆ ಹೊರಟು ನಿಂತಿದ್ದವರನ್ನು ಹೊಡೆದರು. ಆಮೇಲೆ 108 ಮಡಕೆಯಲ್ಲಿ ಹಾಲು, ಮೊಸರು, ಸಗಣಿ, ಗಂಜಲ ಬೆರೆಸಿ ಕೆರೆಗೆ ಸುರಿದು ಶುದ್ಧಿ ಮಾಡಿದರು. ವಿಷಯ ಕೋರ್ಟಿಗೆ ಹೋಯಿತು. ಬೊಂಬಾಯಿ ಹೈಕೋರ್ಟ್ ನಮ್ಮ ಪರ ತೀರ್ಪು ಕೊಟ್ಟದ್ದು 1937ರ ಮಾರ್ಚ್ 17ರಂದು. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಆ ನೀರು ಕುಡಿಯದಿದ್ದರೆ ನಾವೇನೂ ಸಾಯುತ್ತಿರಲಿಲ್ಲ, ನಾವೂ ಎಲ್ಲರ ಹಾಗೆ ಮನುಷ್ಯರು ಅಂತ ಸ್ಥಾಪಿಸಲು ಬಂದಿದ್ದೇವೆ ಎಂಬರ್ಥದಲ್ಲಿ ಬಾಬಾಸಾಹೇಬರು ಆ ವರ್ಷವೇ ಹೇಳಿದ್ದರು. ಹಿರಿಯರು ನನ್ನನ್ನು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅಂತ ನನಗನ್ನಿಸುತ್ತೆ. ಜೀವ ಉಳಿಸಿಕೊಳ್ಳುವಷ್ಟು ನೀರನ್ನು ನಮ್ಮ ಅಜ್ಜ ಅಜ್ಜಿಯರು ಹೇಗೋ ಹುಟ್ಟಿಸಿಕೊಂಡಿದ್ದರು. ಹೊಳೆ ಮರಳಲ್ಲಿ ವರತೆ ತೋಡಿದರು, ಬಾವಿ ಕಟ್ಟೆಯ ಕೆಳಗೆ ಕೊಡ ಹಿಡಿದು ಅಂಗಲಾಚಿದರು. ಮಹಾಡ್ ಕೇಳಿದ್ದು ಅದಕ್ಕಿಂತ ಹೆಚ್ಚಿನದನ್ನು. ಬಾಯಾರಿದಾಗ ಯಾರನ್ನೂ ಕೇಳದೆ ಕೆರೆಗೆ ಇಳಿಯುವುದನ್ನು.

ಈಗ ರಜೆ ವಿಷಯಕ್ಕೆ ಬರ್ತೀನಿ. ನಾನು ಗುಮಾಸ್ತ. ನನಗೆ ಗಳಿಕೆ ರಜೆ ಇದೆ, ಭಾನುವಾರ ಇದೆ. ಬೆಳಗಿನ ಆರೂವರೆಯ ಈಜು ತರಗತಿ ಮುಗಿಸಿ ಹತ್ತು ಗಂಟೆಗೆ ಆಫೀಸಿಗೆ ಹೋಗ್ತೀನಿ. ದುಡಿಯುವವನಿಗೂ ಬಿಡುವು ಬೇಕು ಅಂತ ಈ ದೇಶದ ಕಾನೂನಿನಲ್ಲಿ ಬರೆಸಿದವರಲ್ಲಿ ಬಾಬಾಸಾಹೇಬರು ಮುಖ್ಯರು. 1942ರಿಂದ 1946ರವರೆಗೆ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು.

ಇಲ್ಲಿ ನನ್ನದೇ ಒಂದು ತಪ್ಪು ತಿದ್ದಿಕೊಳ್ಳಬೇಕು. 14 ಗಂಟೆ ಕೆಲಸವನ್ನು 8 ಗಂಟೆಗೆ ಇಳಿಸಿದರು ಅಂತ ಮೇ ಒಂದಕ್ಕೆ ನಾವೆಲ್ಲ ಪೋಸ್ಟರ್ ಹಾಕ್ತೀವಿ, ನಾನೂ ಹಾಕಿದ್ದೆ. ಕಾನೂನು ತೆಗೆದು ನೋಡಿದರೆ, ವರ್ಷಪೂರ್ತಿ ನಡೆಯುವ ಕಾರ್ಖಾನೆಗಳಿಗೆ 1934ರ ಕಾಯ್ದೆಯಲ್ಲೇ ವಾರಕ್ಕೆ 54 ಗಂಟೆಯ ಮಿತಿ ಇತ್ತು. ಬಾಬಾಸಾಹೇಬರು ಮಂಡಿಸಿದ ಮಸೂದೆಯಿಂದ 1946ರಲ್ಲಿ ಅದು 48ಕ್ಕೆ ಇಳಿಯಿತು. ವಾರಕ್ಕೆ ಆರು ಗಂಟೆ ಮಾತ್ರ ತಾನೇ ಅಂತ ಅನ್ನಬೇಡಿ. ಆರು ಗಂಟೆ ಅಂದರೆ ಒಂದು ಸಂಜೆ ಮಕ್ಕಳ ಜೊತೆ, ಇನ್ನೊಂದು ಸಂಜೆ ಭಜನೆಗೋ ಕುಸ್ತಿಗೋ ನಾಟಕಕ್ಕೋ. ಇನ್ನೊಂದು ವಿಷಯವನ್ನು ನಾವು ಪೋಸ್ಟರಿನಲ್ಲಿ ಹಾಕೋದೇ ಇಲ್ಲ. 1945ರ ತಿದ್ದುಪಡಿಯಲ್ಲಿ, ಒಂದು ವರ್ಷ ದುಡಿದ ಕಾರ್ಖಾನೆ ಕಾರ್ಮಿಕನಿಗೆ ಸಂಬಳ ಸಮೇತ ಹತ್ತು ದಿನ ರಜೆ ಬಂತು. ಗೋರೆಗಾಂವ್ ದಾರಿಯಲ್ಲಿ ರಜೆ ಕಳೆದುಕೊಂಡಿದ್ದ ಹುಡುಗ ದೊಡ್ಡವನಾಗಿ ಕಾರ್ಮಿಕರಿಗೆ ರಜೆ ಕೊಡಿಸಿದ. ಸತ್ಯವೇ ಇಷ್ಟು ದೊಡ್ಡದಿರುವಾಗ ಅದಕ್ಕೆ ಉಪ್ಪು ಖಾರ ಹಚ್ಚುವ ಅಗತ್ಯ ನಮಗಿಲ್ಲ.

ಅವರ ಸ್ವಂತ ಬದುಕು ನೋಡಿ. ಸಕ್ಕರೆ ಕಾಯಿಲೆ, ಮೈತುಂಬಾ ನೋವು, ತಲೆ ಮೇಲೆ ಸಂವಿಧಾನದಷ್ಟು ಕೆಲಸ. ಆದರೂ ನಾಯಿ ಸಾಕಿದರು, ತೋಟದ ಗಿಡಗಳನ್ನು ಅಕ್ಕರೆಯಿಂದ ನೋಡಿಕೊಂಡರು, ಒಳ್ಳೆಯ ಪೆನ್ನುಗಳನ್ನು ಕೂಡಿಟ್ಟರು. ವಯಸ್ಸಾದ ಮೇಲೆ ಪಿಟೀಲು ಕಲಿಯಲು ಕೂತರು. ಬಾಬಾಸಾಹೇಬರ ಪ್ರತಿಮೆಗಳಲ್ಲಿ ಒಂದು ಕೈ ಮೇಲೆ ಎತ್ತಿರುತ್ತೆ, ಇನ್ನೊಂದರಲ್ಲಿ ಪುಸ್ತಕ ಇರುತ್ತೆ. ಅದು ಸರಿ. ಆದರೆ ಪಿಟೀಲು ಹಿಡಿದು ಸ್ವರ ತಪ್ಪಿ, ಮತ್ತೆ ಮೊದಲಿನಿಂದ ಶುರು ಮಾಡುವ ಬಾಬಾಸಾಹೇಬರನ್ನು ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ. ಅವರನ್ನು ಯಾರಾದರೂ "ಹೋರಾಟಕ್ಕೆ ರಜಾನಾ ಸಾಹೇಬರೇ" ಅಂತ ಕೇಳ್ತಿದ್ರಾ?

ಕೊನೆಗೆ ನನ್ನ ಊರಿನ ಬಾವಿ.

ನಮ್ಮೂರಲ್ಲಿ ತೆಂಗಿನ ತೋಟದೊಳಗೆ ದೊಡ್ಡ ಬಾವಿ ಇತ್ತು, ಮೆಟ್ಟಿಲಿದ್ದದ್ದು. ಪರೀಕ್ಷೆ ಮುಗಿದರೆ ಸಾಕು, ಊರಿನ ಹುಡುಗರೆಲ್ಲ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಅಲ್ಲಿ ಈಜು ಕಲಿಯುತ್ತಿದ್ದರು. ನಾವು ಕೇರಿಯ ಹುಡುಗರು ಬೇಲಿಯಾಚೆ ಹುಣಸೆ ಮರದ ಕೆಳಗೆ ಕೂತು ನೋಡುತ್ತಿದ್ದೆವು. ಯಾರು ಎಷ್ಟು ಎತ್ತರದಿಂದ ಧುಮುಕಿದರು ಅಂತ ಶಬ್ದದಲ್ಲೇ ಹೇಳುತ್ತಿದ್ದೆವು. ಹತ್ತನೇ ವಯಸ್ಸಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಯಾರೂ ಇಲ್ಲ ಅಂದುಕೊಂಡು ನಾನು ಇಳಿದೆ. ಈಜಲಿಲ್ಲ, ಈಜು ಎಲ್ಲಿ ಬರುತ್ತಿತ್ತು? ಮೆಟ್ಟಿಲು ಹಿಡಿದುಕೊಂಡು ಕುತ್ತಿಗೆವರೆಗೆ ನೀರಲ್ಲಿ ನಿಂತೆ ಅಷ್ಟೇ. ಆ ತಂಪು ಈಗಲೂ ನೆನಪಿದೆ.

ತೋಟದ ಆಳು ನೋಡಿಬಿಟ್ಟ. ಎರಡು ದಿನ ಪಂಪ್‌ಸೆಟ್ ಓಡಿಸಿ ಬಾವಿ ಬರಿದು ಮಾಡಿದರು. ಮೈಲಿಗೆಯಾದ ಆ ನೀರನ್ನೇ ತೆಂಗಿನ ಪಾತಿಗೆ ಬಿಟ್ಟರು. ತೆಂಗಿನಕಾಯಿಗೆ ಮಾತ್ರ ಮೈಲಿಗೆ ತಟ್ಟಲಿಲ್ಲ. ಕರೆಂಟಿನ ಖರ್ಚು ಮತ್ತು ದಂಡ ಅಂತ ಅಪ್ಪನಿಂದ ಒಂದು ತಿಂಗಳ ಕೂಲಿ ಮುರಿದುಕೊಂಡರು. ಅಪ್ಪ ನನಗೆ ಹೊಡೆಯಲಿಲ್ಲ, ಬೈಯಲಿಲ್ಲ. "ನೀರಿನ ಹತ್ರ ಹೋಗಬೇಡ ಮಗಾ" ಅಂತ ಮಾತ್ರ ಅಂದರು. ಆಮೇಲೆ ಮೂವತ್ತಾರು ವರ್ಷ ನಾನು ಹೋಗಲಿಲ್ಲ.

ಹಿರಿಯರೇ, ನೀವು ಕೇಳಿದ್ದರಲ್ಲಿ ಅರ್ಧ ಸರಿ ಇದೆ. ಇವತ್ತೂ ಬೀದಿ ಗುಡಿಸುವ ತಾಯಂದಿರಿಗೆ ಏಪ್ರಿಲ್ ಬಿಸಿಲಲ್ಲಿ ಕೂರಲು ಒಂದು ನೆರಳಿಲ್ಲ. ಕೂಲಿ ಮಾಡುವವರಿಗೆ ಸಂಬಳದ ರಜೆ ಅಂದರೇನು ಅಂತಲೇ ಗೊತ್ತಿಲ್ಲ. ಟ್ಯಾಂಕರ್ ಕೇರಿಗೆ ಕೊನೆಗೆ ಬರುತ್ತೆ, ಒಮ್ಮೊಮ್ಮೆ ಬರೋದೇ ಇಲ್ಲ. ಆ ಜಗಳ ನಿಲ್ಲಲ್ಲ, ನಾನೂ ನಿಲ್ಲಿಸಲ್ಲ. ಆದರೆ ಅವರಿಗೋಸ್ಕರ ನಾವು ನೀರು, ಕೂಲಿ ಕೇಳಿದ ಹಾಗೆಯೇ ನೆರಳು, ರಜೆ, ಆಟದ ಮೈದಾನ, ಈಜುಕೊಳವನ್ನೂ ಕೇಳಬೇಕು. ನಮ್ಮ ಬೇಡಿಕೆ ಪಟ್ಟಿಯಲ್ಲಿ ಇವು ಯಾಕಿಲ್ಲ ಅಂತ ಮುಂದಿನ ಸಭೆಯಲ್ಲಿ ನಾನು ಕೇಳ್ತೀನಿ. ಸಂತೋಷವನ್ನು ಶೋಕಿ ಅಂತ ನಾವೇ ಕರೆದರೆ, ಬಾವಿ ಬರಿದು ಮಾಡಿದವರ ಮಾತನ್ನು ನಾವೇ ಒಪ್ಪಿಕೊಂಡ ಹಾಗೆ.

ಸದ್ಯಕ್ಕೆ ನನ್ನ ಪ್ರಗತಿ ಹೀಗಿದೆ: ಕೊಳದ ಅಡ್ಡಗಲ ಒಂದು ಸಲ ದಾಟಿದ್ದೀನಿ, ಅರ್ಧ ಲೀಟರ್ ನೀರು ಕುಡಿದಿದ್ದೀನಿ. ಮಗಳು ಆಗಲೇ ಮೀನಿನ ಹಾಗೆ ಓಡಾಡ್ತಾಳೆ. "ಅಪ್ಪಾ, ಗಟ್ಟಿಯಾಗಿ ಹಿಡ್ಕೋಬೇಡ, ಕೈ ಬಿಡು" ಅಂತ ನನಗೇ ಪಾಠ ಹೇಳ್ತಾಳೆ. ಏಪ್ರಿಲ್ 14ರಂದು ತರಗತಿಗೆ ಹೋಗಲ್ಲ, ಅವತ್ತು ಜಯಂತಿ ಮೆರವಣಿಗೆಯಲ್ಲಿ ಸಿಗ್ತೀನಿ. 15ರ ಬೆಳಿಗ್ಗೆ ಮತ್ತೆ ಕೊಳದಲ್ಲಿ. ಕಾಮೆಂಟ್ ಹಾಕಿದ ತಮ್ಮಾ, ನಿನಗೂ ಈಜು ಬರಲ್ಲ ಅಂತ ನನಗೆ ಗೊತ್ತು. ಟವೆಲ್ ತಗೊಂಡು ಬಾ.

ಜೈ ಭೀಮ್.