ಕಲ್ಲಿನ ಬಣ್ಣ, ಕಲ್ಲಿನ ಪದರ

ಅಮೆರಿಕದ ನೈಋತ್ಯ ಮರುಭೂಮಿಯ ಮರಳುಗಲ್ಲನ್ನು ಕ್ಯಾಮೆರಾ ಸೆರೆಹಿಡಿದ ಚರಿತ್ರೆಯನ್ನು ಕಪ್ಪು-ಬಿಳುಪಿನಿಂದ ಬಣ್ಣಕ್ಕೆ ಏರಿದ ಕಥೆಯಾಗಿ ಹೇಳುವುದು ರೂಢಿ. ಕಲ್ಲು ಕೆಂಪು, ಹಳಬರಿಗೆ ಕೆಂಪು ಸಿಗಲಿಲ್ಲ, ನಮಗೆ ಸಿಕ್ಕಿತು! ಆದರೆ ಈ ಕಲ್ಲಿನ ಹುಟ್ಟುಗುಣ ಬಣ್ಣವಲ್ಲ, ಪದರ. ಉಟಾ-ಅರಿಜೋನಾ ಗಡಿಯ ನವಾಹೊ ಮರಳುಗಲ್ಲು ಸುಮಾರು 19 ಕೋಟಿ ವರ್ಷಗಳ ಹಿಂದೆ ಗಾಳಿ ಒಟ್ಟಿದ ದಿಬ್ಬಗಳು ಗಟ್ಟಿಯಾಗಿ ಆದದ್ದು. ಅದರ ಓರೆಗೆರೆಗಳು ದಿಬ್ಬದ ಮರೆಬದಿಯಲ್ಲಿ ಮರಳು ಜಾರಿ ನಿಂತ ಇಳಿಜಾರುಗಳು. ಅಂದು ಗಾಳಿ ಬೀಸಿದ ದಿಕ್ಕನ್ನೂ ಅವುಗಳಿಂದ ಓದಬಹುದು. ಇಂದು ಕಾಣುವ ಬಣ್ಣದ ವಿನ್ಯಾಸವಾದರೋ ಬಹುಮಟ್ಟಿಗೆ ಆಮೇಲಿನದು: ಕಣಗಳಿಗೆ ಅಂಟಿದ್ದ ಕಬ್ಬಿಣದ ಆಕ್ಸೈಡನ್ನು ನೆಲದಡಿಯ ನೀರು ಒಂದೆಡೆ ತೊಳೆದು ಇನ್ನೊಂದೆಡೆ ಬಿಟ್ಟದ್ದು. ಹಲವೆಡೆ ಬಣ್ಣದ ಪಟ್ಟೆ ಪದರವನ್ನೇ ಅಡ್ಡಹಾಯುತ್ತದೆ. ಹಾಗಾಗಿ ಬಣ್ಣ ಬಂದದ್ದರಿಂದ ಕಲ್ಲು ಹೆಚ್ಚು ಕಂಡಿತೆನ್ನುವುದು ಅರ್ಧಸತ್ಯ.

1873ರಲ್ಲಿ ಅಮೆರಿಕ ಸರ್ಕಾರದ ಭೂಮಾಪನ ತಂಡವಾದ ವೀಲರ್ ಸರ್ವೆಯ ಜೊತೆ ಅರಿಜೋನಾದ ಕ್ಯಾನ್ಯನ್ ಡಿ ಶೇಗೆ ಹೋದ ಛಾಯಾಗ್ರಾಹಕ ಟಿಮೊತಿ ಓಸಲಿವನ್ ಬಳಸಿದ್ದು ಒದ್ದೆ ಗಾಜಿನ ಫಲಕ. ಅದಕ್ಕೆ ರಾಸಾಯನಿಕ ಲೇಪಿಸಿ, ಆರುವ ಮೊದಲೇ ಚಿತ್ರ ತೆಗೆದು ತೊಳೆಯಬೇಕು. ಕತ್ತಲೆ ಡೇರೆಯನ್ನು ಹೊತ್ತೇ ತಿರುಗಬೇಕು. ಆ ಫಲಕ ಸ್ಪಂದಿಸುತ್ತಿದ್ದುದು ಮುಖ್ಯವಾಗಿ ನೀಲಿ ಬೆಳಕಿಗೆ. ಆಕಾಶ ಬಿಳಿಚಿಕೊಂಡು ಕೆಂಪು ಗೋಡೆ ಕಪ್ಪಾಗುತ್ತಿತ್ತು. ಆ ಕೊರತೆಯೇ ಒದಗಿ ಬಂತು: ಬಣ್ಣ ಹೋದಾಗ ಉಳಿದದ್ದು ಗೀರು, ಉಬ್ಬುತಗ್ಗು, ಪಾಳುಮನೆಗಳ ಬಳಿ ನಿಂತ ಪುಟ್ಟ ಮನುಷ್ಯರಿಂದ ತಿಳಿಯುವ ಅಳತೆ. 1942ರಲ್ಲಿ ಆನ್ಸೆಲ್ ಆಡಮ್ಸ್ ಹೆಚ್ಚುಕಡಿಮೆ ಅದೇ ನೋಟವನ್ನು ಮತ್ತೆ ತೆಗೆದರು. ಸರ್ವೆಯ ಚಿತ್ರಗಳೇನು ಸತ್ಯಸಂಧವೇ ಎಂದು ಕೇಳಬಹುದು. ಅಲ್ಲ. 1977-79ರಲ್ಲಿ ಮಾರ್ಕ್ ಕ್ಲೆಟ್ ಮತ್ತು ಸಂಗಡಿಗರು ಹಳೆಯ ಚಿತ್ರಗಳ ತಾಣಗಳನ್ನು ಹುಡುಕಿ ಮರುಚಿತ್ರಿಸಿದಾಗ, ಉಟಾದ ವೀಬರ್ ಕಣಿವೆಯ ಬಂಡೆಗಳನ್ನು (ಅವು ಮರಳುಗಲ್ಲಲ್ಲ, ಉರುಟುಕಲ್ಲಿನ ಮುದ್ದೆ) 1869ರಲ್ಲಿ ಓಸಲಿವನ್ ಕ್ಯಾಮೆರಾ ವಾಲಿಸಿ ತೆಗೆದದ್ದು ಬಯಲಾಯಿತು. ಆದರೆ ಆ ವಂಚನೆ ಸಿಕ್ಕಿಬಿದ್ದದ್ದು ಚಿತ್ರ ತನ್ನ ಜಾಗವನ್ನು ಗುರುತಿಸುವಷ್ಟು ವಿವರ ಇಟ್ಟುಕೊಂಡಿದ್ದರಿಂದಲೇ.

ಬಣ್ಣವೂ ಭೂವಿಜ್ಞಾನದ ಸಾಕ್ಷ್ಯವಲ್ಲವೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯದು. ಹೌದು, ಬಣ್ಣದಲ್ಲಿ ಚಿತ್ರ ತೆಗೆದ ಎಲಿಯಟ್ ಪೋರ್ಟರ್ ಅವರಂಥವರ ಕೈಯಲ್ಲಿ. ಗ್ಲೆನ್ ಕ್ಯಾನ್ಯನ್ ಕುರಿತ ಅವರ ಪುಸ್ತಕ ಬಂದದ್ದು 1963ರಲ್ಲಿ, ಅಲ್ಲಿನ ಅಣೆಕಟ್ಟಿನ ಬಾಗಿಲು ಮುಚ್ಚಿ ಆ ಕಮರಿ ಮುಳುಗತೊಡಗಿದ ವರ್ಷವೇ. ಒದ್ದೆ ಗೋಡೆಯ ಮೇಲೆ ಆಕಾಶದ ನೀಲಿ, ಎದುರು ಗೋಡೆಯಿಂದ ಚಿಮ್ಮಿದ ಕಿತ್ತಳೆ: ಕಲ್ಲಿನ ಬಣ್ಣ ಎಷ್ಟು, ಬಂದ ಬೆಳಕಿನದೆಷ್ಟು ಎಂಬುದನ್ನು ಅವರು ಬೇರ್ಪಡಿಸಿ ತೋರಿಸಿದರು. ಅವರ ನಂತರದವರು ಬೆಳಕನ್ನಷ್ಟೇ ಉಳಿಸಿಕೊಂಡರು. 1990ರ ಫ್ಯೂಜಿ ವೆಲ್ವಿಯಾ ಫಿಲ್ಮ್ ಕೆಂಪನ್ನು ಕಡುಗೆಂಪಾಗಿಸಿತು. ಡಿಜಿಟಲ್ ಅದನ್ನು ಬೆರಳ ತುದಿಗೆ ತಂದಿತು. ಆಂಟೆಲೋಪ್ ಕಮರಿಯ ಚಿತ್ರಗಳಲ್ಲಿ ಬೆಳಕಿನ ಕೋಲು ಇರುತ್ತದೆ, ಆ ಗೋಡೆಗಳನ್ನು ಕೊರೆದ ಪ್ರವಾಹ ಇರುವುದಿಲ್ಲ. 1997ರ ಆಗಸ್ಟ್‌ನಲ್ಲಿ ಅಂಥದೇ ಪ್ರವಾಹ 11 ಪ್ರವಾಸಿಗರನ್ನು ಬಲಿ ತೆಗೆದುಕೊಂಡಿತು. ಅದೇ ಗಡಿ ಪ್ರದೇಶದ ‘ದಿ ವೇವ್’ ಎಂಬ ಅಲೆಯಾಕಾರದ ಬಂಡೆಗೆ ಎಷ್ಟು ಬೇಡಿಕೆಯೆಂದರೆ ಅಲ್ಲಿಗೆ ಹೋಗಲು ಲಾಟರಿ ಎತ್ತುತ್ತಾರೆ. ದಿನಕ್ಕೆ 20 ಜನ ಎಂಬ ಮಿತಿ 2021ರಲ್ಲಿ 64ಕ್ಕೆ ಏರಿತು. ಹೀಗೆ ಬರುವವರಲ್ಲಿ ಬಹುಪಾಲು ಜನರ ಚಿತ್ರದಲ್ಲಿ ಪದರವೆಂಬುದು ಸೀರೆಯ ಅಂಚಿನಂತೆ ಬರೀ ಅಲಂಕಾರ.

ಈಚಿನ ಬರಗಾಲದಲ್ಲಿ ಗ್ಲೆನ್ ಕ್ಯಾನ್ಯನ್ ಜಲಾಶಯ ಇಳಿದು, ಮುಳುಗಿದ್ದ ಗೋಡೆಗಳು ಮತ್ತೆ ತಲೆಯೆತ್ತಿವೆ. ಅವುಗಳ ಮೇಲೆ ನೀರು ಬಿಟ್ಟುಹೋದ ಖನಿಜದ ಅಗಲವಾದ ಬಿಳಿ ಪಟ್ಟಿ ಓರೆಗೆರೆಗಳನ್ನೆಲ್ಲ ಅಡ್ಡಗಟ್ಟಿ ನೇರಕ್ಕೆ ಹಾದಿದೆ. ಅದನ್ನು ತೋರಿಸಲು ಬಣ್ಣದ ಫಿಲ್ಮ್ ಬೇಕಿಲ್ಲ.